ಮುಕ್ತ ತಂತ್ರಾಂಶ ಮತ್ತು ನಮ್ಮ ಹೆಣ್ಣುಮಕ್ಕಳು

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಚನಾಫಲಕದ ಮೇಲೆ ಪುಣೆಯ ಟೆಲ್ಕೋ ಕಾರ್ಖಾನೆಯ ಜಾಹೀರಾತೊಂದು ಕಾಣಿಸಿಕೊಂಡಿತು. ತರುಣ ಎಂಜಿನಿಯರುಗಳು ಬೇಕಾಗಿದ್ದಾರೆ ಎಂದು ತಿಳಿಸುತ್ತಿದ್ದ ಆ ಪ್ರಕಟಣೆಯಲ್ಲಿ, ಮಹಿಳೆಯರು ಅರ್ಜಿ ಸಲ್ಲಿಸುವ ಅಗತ್ಯವಿಲ್ಲ ಎಂಬ ಸಾಲೂ ಇತ್ತು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, ಆ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ನಡೆಸುತ್ತಿದ್ದ ಸುಧಾ ಕುಲಕರ್ಣಿ ಎಂಬ ಕನ್ನಡ ತರುಣಿ ಅದನ್ನು ಓದಿ ಸುಮ್ಮನಾಗಲಿಲ್ಲ. ನೇರವಾಗಿ ಜೆ.ಆರ್.ಡಿ. ಟಾಟಾ ಅವರ ಹೆಸರಿಗೇ ಅಂಚೆ ಕಾರ್ಡೊಂದನ್ನು ಬರೆದು ಹಾಕಿದರು. ಪುಣೆಗೆ ಸಂದರ್ಶನದ ಕರೆ ಬಂದಿತು, ಆಯ್ಕೆಯೂ ಆಯಿತು. ಮುಂದೆ ಸುಧಾ ಮೂರ್ತಿ ಎಂದು ನಾಡಿಗೆಲ್ಲ ಪರಿಚಿತರಾದ ಈ ಮಹಿಳೆ ಉಳಿತಾಯ ಮಾಡಿಟ್ಟಿದ್ದ 10,000 ರೂಪಾಯಿಗಳೇ, 1981ರಲ್ಲಿ ಇದೇ ಪುಣೆಯಲ್ಲಿ ಹುಟ್ಟಿದ ಇನ್‌ಫೋಸಿಸ್ ಸಂಸ್ಥೆಯ ಮೊದಲ ಬಂಡವಾಳವಾದ ಸಂಗತಿ ಪುಣೆಯ ಕನ್ನಡಿಗರಿಗೆ ಹೊಸದೇನಲ್ಲ.

ಮುಚ್ಚಿದ ಬಾಗಿಲಿಗೆ ಒಂದು ಅನುಕೂಲವುಂಟು: ಅದು ಮುಚ್ಚಿದೆ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ, ಯಾರಿಗೆ ಕಾಗದ ಬರೆಯಬೇಕೆಂಬುದೂ ತಿಳಿಯುತ್ತದೆ. ಆದರೆ ಗಣಕಯಂತ್ರದ ಪ್ರಪಂಚದಲ್ಲಿ ಬಾಗಿಲೇ ಇಲ್ಲವೆನ್ನಬಹುದಾದ ಒಂದು ಕ್ಷೇತ್ರವಿದೆ. ಅಲ್ಲಿ ಪದವಿ ಪತ್ರವನ್ನು ಯಾರೂ ಕೇಳುವುದಿಲ್ಲ, ವಯಸ್ಸು ವಿಚಾರಿಸುವುದಿಲ್ಲ, ಸ್ತ್ರೀ ಪುರುಷರೆಂಬ ಭೇದವನ್ನು ಯಾವ ನಿಯಮವೂ ಮಾಡುವುದಿಲ್ಲ. ಆದರೂ ಅಲ್ಲಿಗೆ ಬಂದ ಮಹಿಳೆಯರ ಸಂಖ್ಯೆ ನೂರಕ್ಕೆ ಬೆರಳೆಣಿಕೆಯಷ್ಟು. ಇದೇಕೆ ಹೀಗೆ, ಇದರಿಂದ ಯಾರಿಗೆ ನಷ್ಟ, ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಈ ವಿಷಯದಲ್ಲಿ ಏನು ಮಾಡಬಹುದು ಎಂಬುದನ್ನು ವಿಚಾರ ಮಾಡುವುದು ಉಚಿತವಾದೀತು.

ಮುಕ್ತ ತಂತ್ರಾಂಶವೆಂದರೇನು?

ಅಂಗಡಿಯಲ್ಲಿ ಸಾರಿನ ಪುಡಿಯ ಪೊಟ್ಟಣ ಸಿಗುತ್ತದೆ. ಸಾರು ರುಚಿಯಾಗಿಯೇ ಇರಬಹುದು. ಆದರೆ ಅದರಲ್ಲಿ ಏನೇನು ಎಷ್ಟೆಷ್ಟು ಬಿದ್ದಿದೆ ಎಂಬುದು ತಯಾರಕರ ಗುಟ್ಟು. ಖಾರ ಹೆಚ್ಚಾಯಿತೆಂದರೆ ತಿನ್ನುವವರು ಸಹಿಸಿಕೊಳ್ಳಬೇಕು, ಇಲ್ಲವೇ ಪೊಟ್ಟಣವನ್ನು ಬಿಡಬೇಕು. ನೆರೆಮನೆಯಾಕೆ ತನ್ನ ಸಾರಿನ ಪುಡಿಯ ಪ್ರಮಾಣವನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಆ ತೊಂದರೆಯಿಲ್ಲ. ಮೆಣಸಿನಕಾಯಿ ಕಡಮೆ ಮಾಡಬಹುದು, ಧನಿಯ ಹೆಚ್ಚಿಸಬಹುದು, ತಿದ್ದಿದ ಚೀಟಿಯನ್ನು ಮತ್ತೊಬ್ಬರಿಗೆ ಕೊಡಬಹುದು. ಗಣಕಯಂತ್ರವನ್ನು ನಡೆಸುವ ತಂತ್ರಾಂಶಗಳಲ್ಲಿಯೂ ಈ ಎರಡು ಬಗೆಗಳಿವೆ. ಎರಡನೆಯ ಬಗೆಯೇ ಮುಕ್ತ ತಂತ್ರಾಂಶ, ಅಥವಾ ಓಪನ್ ಸೋರ್ಸ್. ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು, ಹಂಚಬಹುದು.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಯೋಜನೆಯನ್ನು ಘೋಷಿಸಿದಾಗ ಈ ವಿಚಾರ ಒಂದು ಚಳವಳಿಯ ರೂಪ ತಳೆಯಿತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನು ಬರೆದ ಲಿನಕ್ಸ್ ಎಂಬ ತಿರುಳನ್ನು ಲೋಕದ ಮುಂದಿಟ್ಟನು. ಇಂದು ಕೋಟ್ಯಂತರ ಜನರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೆ ಇರುವುದು ಆ ಲಿನಕ್ಸೇ. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿ ವೇಗದ 500 ಮಹಾಗಣಕಗಳ ಪಟ್ಟಿಯಲ್ಲಿ ಲಿನಕ್ಸ್ ಅಲ್ಲದೆ ಬೇರೆ ವ್ಯವಸ್ಥೆಯಿಲ್ಲ. ಹೀಗೆ ಹವ್ಯಾಸಿಗಳ ಸಹಕಾರದಿಂದ ಆರಂಭವಾದ ಕೆಲಸವು ಬ್ಯಾಂಕು, ಆಸ್ಪತ್ರೆ, ರೈಲ್ವೆಗಳಂತಹ ಸಾರ್ವಜನಿಕ ಸೇವೆಗಳ ಅಡಿಗಲ್ಲಾಗಿ ಪರಿಣಮಿಸಿದೆ.

ಪುಣೆಯ ಪಾಲು

ಈ ಬೆಳವಣಿಗೆಯಲ್ಲಿ ಪುಣೆ ನಗರದ ಪಾತ್ರ ಸಣ್ಣದಲ್ಲ. 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯು ಪರಮ್ ಮಹಾಗಣಕವನ್ನು ನಿರ್ಮಿಸಿತಲ್ಲದೆ, ಭಾರತೀಯ ಭಾಷೆಗಳ ಲಿಪಿಗಳನ್ನು ಗಣಕಕ್ಕೆ ಒಗ್ಗಿಸುವ ಕೆಲಸದಲ್ಲಿಯೂ ತೊಡಗಿತು. ಮುಂದೆ ರೆಡ್ ಹ್ಯಾಟ್ ಎಂಬ ಲಿನಕ್ಸ್ ಸಂಸ್ಥೆಯು ಪುಣೆಯಲ್ಲಿ ದೊಡ್ಡ ಕಚೇರಿಯನ್ನು ತೆರೆದು, ಭಾರತೀಯ ಭಾಷೆಗಳ ತಂಡವನ್ನು ಇಲ್ಲಿ ನೆಲೆಗೊಳಿಸಿತು. ಲಿನಕ್ಸ್ ಗಣಕದ ಪರದೆಯ ಮೇಲೆ ‘ಕಡತ’, ‘ಉಳಿಸು’, ‘ಮುಚ್ಚು’ ಎಂಬಂತಹ ಕನ್ನಡ ಪದಗಳು ಮೂಡುವಂತೆ ಮಾಡಿದ ಅನುವಾದ ಕಾರ್ಯದ ಗಣನೀಯ ಭಾಗವು ಮುಳಾ ಮುಠಾ ನದಿಗಳ ದಡದ ಈ ಊರಿನಲ್ಲಿ ನಡೆದದ್ದು ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಬಂಗಾಳಿ, ಗುಜರಾತಿ, ಮಲಯಾಳಂ ಮುಂತಾದ ಭಾಷೆಗಳ ಅನುವಾದದಲ್ಲಿ ಮಹಿಳೆಯರೂ ಮುಂದೆ ನಿಂತು ದುಡಿದಿದ್ದಾರೆ. 2011ರ ನವೆಂಬರಿನಲ್ಲಿ ಇಲ್ಲಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ, 2015ರ ಜೂನಿನಲ್ಲಿ ಎಂ.ಐ.ಟಿ. ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ ಫೆಡೋರಾ ಎಂಬ ಮುಕ್ತ ತಂತ್ರಾಂಶ ಬಳಗದ ಸಮಾವೇಶಗಳು ಜರುಗಿದವು.

ಸ್ತ್ರೀಶಿಕ್ಷಣದ ಪರಂಪರೆಯಂತೂ ಪುಣೆಗೆ ಇನ್ನೂ ಹಳೆಯದು. 1848ರಲ್ಲಿ ಬುಧವಾರ ಪೇಟೆಯ ಭಿಡೆ ವಾಡೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. 1896ರಲ್ಲಿ ಮಹರ್ಷಿ ಕರ್ವೆಯವರು ಆರಂಭಿಸಿದ ಸಂಸ್ಥೆಯೇ 1991ರಲ್ಲಿ ಕರ್ವೆನಗರದಲ್ಲಿ ಮಹಿಳೆಯರಿಗೆಂದೇ ಎಂಜಿನಿಯರಿಂಗ್ ಕಾಲೇಜನ್ನೂ ಸ್ಥಾಪಿಸಿತು. ವಿದ್ಯೆಯೂ ಇದೆ, ವಿದ್ಯಾವಂತೆಯರೂ ಇದ್ದಾರೆ, ಕೆಲಸವೂ ಊರಿನಲ್ಲಿಯೇ ಇದೆ. ಇವುಗಳನ್ನು ಕೂಡಿಸುವ ಕೊಂಡಿ ಮಾತ್ರ ಸಡಿಲವಾಗಿದೆ.

ಅಂಕಿ ಅಂಶಗಳು ಏನು ಹೇಳುತ್ತವೆ?

2006ರಲ್ಲಿ ಯುರೋಪಿನ ಆರ್ಥಿಕ ನೆರವಿನಿಂದ ನಡೆದ ಒಂದು ಅಧ್ಯಯನವು, ಸಾಮಾನ್ಯ ತಂತ್ರಾಂಶ ಉದ್ಯಮದಲ್ಲಿ ಮಹಿಳೆಯರ ಪ್ರಮಾಣ ಶೇಕಡ 28ರಷ್ಟಿದ್ದರೆ, ಮುಕ್ತ ತಂತ್ರಾಂಶ ಬಳಗಗಳಲ್ಲಿ ಅದು ಶೇಕಡ 1.5ರ ಆಸುಪಾಸಿನಲ್ಲಿದೆ ಎಂದು ತೋರಿಸಿತು. 2017ರಲ್ಲಿ ಗಿಟ್‌ಹಬ್ ಸಂಸ್ಥೆಯು ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇಕಡ 95 ಮಂದಿ ಪುರುಷರು. ಮಹಿಳೆಯರು ಶೇಕಡ 3 ಮಾತ್ರ. ಭಾರತದ ತಂತ್ರಾಂಶ ಉದ್ಯಮದ ಸಿಬ್ಬಂದಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಹಿಳೆಯರೇ ಇದ್ದಾರೆ ಎಂಬುದನ್ನು ನೆನೆದರೆ ಈ ಅಂತರ ಇನ್ನಷ್ಟು ಎದ್ದು ಕಾಣುತ್ತದೆ.

ಹೆಂಗಸರಿಗೆ ಈ ವಿದ್ಯೆ ಒಗ್ಗದೆಂಬ ಹಳೆಯ ಮಾತು ಇಲ್ಲಿ ನಿಲ್ಲುವುದಿಲ್ಲ. 1843ರಲ್ಲಿ ಗಣಕಯಂತ್ರದ ಕಲ್ಪನೆಯಷ್ಟೇ ಇದ್ದಾಗ ಅದಕ್ಕೆ ಲೆಕ್ಕದ ಕ್ರಮವನ್ನು ಬರೆದು ತೋರಿಸಿದ ಏಡಾ ಲವ್‌ಲೇಸ್, 1950ರ ದಶಕದ ಆರಂಭದಲ್ಲಿ ಮನುಷ್ಯರ ಬರಹವನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನ ದಾರಿಯನ್ನು ತೆರೆದ ಗ್ರೇಸ್ ಹಾಪರ್, ಇಬ್ಬರೂ ಮಹಿಳೆಯರೇ. 2017ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು ಗಿಟ್‌ಹಬ್ಬಿನಲ್ಲಿ ಸಲ್ಲಿಕೆಯಾದ ಲಕ್ಷಾಂತರ ತಿದ್ದುಪಡಿಗಳನ್ನು ಪರಿಶೀಲಿಸಿತು. ಮಹಿಳೆಯರ ತಿದ್ದುಪಡಿಗಳಲ್ಲಿ ಶೇಕಡ 78.6 ಅಂಗೀಕಾರವಾಗಿದ್ದವು, ಪುರುಷರದು ಶೇಕಡ 74.6. ಆದರೆ ಆ ಯೋಜನೆಗೆ ಹೊರಗಿನವಳಾದ ಹೆಂಗಸೊಬ್ಬಳು, ತಾನು ಹೆಂಗಸೆಂದು ತಿಳಿಯುವಂತೆ ಹೆಸರು ಹಾಕಿದ್ದಲ್ಲಿ ಅಂಗೀಕಾರದ ಪ್ರಮಾಣ ಇಳಿಯುತ್ತಿತ್ತು. ಕೆಲಸದಲ್ಲಿ ಕೊರತೆಯಿಲ್ಲ, ನೋಡುವ ಕಣ್ಣಿನಲ್ಲಿ ಕೊರತೆಯಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಎದೆಯೊಳಗಿನ ಯಂತ್ರ

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಅದಕ್ಕೆ ಅಮೆರಿಕದ ವಕೀಲೆ ಕ್ಯಾರೆನ್ ಸ್ಯಾಂಡ್ಲರ್ ಅವರ ಬದುಕಿನ ಪ್ರಸಂಗವೇ ಉತ್ತರ. ಈಕೆಗೆ ಹೃದಯದ ಸ್ನಾಯು ಅತಿಯಾಗಿ ದಪ್ಪವಾಗುವ ಕಾಯಿಲೆ. ಯಾವ ಮುನ್ಸೂಚನೆಯೂ ಇಲ್ಲದೆ ಹೃದಯ ನಿಂತುಹೋಗುವ ಅಪಾಯವಿದ್ದುದರಿಂದ ವೈದ್ಯರು ಎದೆಯೊಳಗೆ ಡಿಫಿಬ್ರಿಲೇಟರ್ ಎಂಬ ಪುಟ್ಟ ಯಂತ್ರವನ್ನು ಅಳವಡಿಸಬೇಕೆಂದರು. ಹೃದಯದ ಬಡಿತ ಅಪಾಯಕರವಾಗಿ ಏರುಪೇರಾದಾಗ ವಿದ್ಯುತ್ತಿನ ಆಘಾತ ಕೊಟ್ಟು ಸರಿಪಡಿಸುವ ಯಂತ್ರವದು. ಅದನ್ನು ನಡೆಸುವುದು ತಂತ್ರಾಂಶ. ತನ್ನ ದೇಹದೊಳಗೆ ಕುಳಿತು ತೀರ್ಮಾನ ಕೈಗೊಳ್ಳುವ ಆ ತಂತ್ರಾಂಶದ ಮೂಲಸಂಕೇತವನ್ನು ತೋರಿಸಿರೆಂದು ಆಕೆ ತಯಾರಕರನ್ನು ಕೇಳಿದರು. ಯಾರೂ ತೋರಿಸಲಿಲ್ಲ.

ಮುಂದೆ ಆಕೆ ಗರ್ಭಿಣಿಯಾದರು. ಬಸುರಿನಲ್ಲಿ ಎದೆಬಡಿತ ಆಗಾಗ್ಗೆ ಜೋರಾಗುವುದು ಸಹಜವೆಂದು ಯಾವ ಸೂಲಗಿತ್ತಿಯಾದರೂ ಹೇಳುತ್ತಾಳೆ. ಎದೆಯೊಳಗಿನ ಯಂತ್ರಕ್ಕೆ ಮಾತ್ರ ಅದು ತಿಳಿದಿರಲಿಲ್ಲ. ಸಹಜವಾದ ಆ ಬಡಿತವನ್ನು ಅದು ಅಪಾಯವೆಂದು ಬಗೆದು ಆರೋಗ್ಯದಿಂದಿದ್ದ ತಾಯಿಗೆ ಅನಗತ್ಯವಾಗಿ ವಿದ್ಯುದಾಘಾತ ನೀಡಿತು. ಇಂತಹ ಯಂತ್ರವನ್ನು ಅಳವಡಿಸಿಕೊಳ್ಳುವವರಲ್ಲಿ ಹೆಚ್ಚಿನವರು ವಯಸ್ಸಾದ ಗಂಡಸರಾದ್ದರಿಂದ ಬಸುರಿ ಹೆಂಗಸಿನ ಹೃದಯ ತಯಾರಕರ ಲೆಕ್ಕಕ್ಕೆ ಬಂದಿರಲಿಲ್ಲ. ತಂತ್ರಾಂಶವನ್ನು ತಿದ್ದುವ ದಾರಿಯಿಲ್ಲದ್ದರಿಂದ ಉಳಿದ ದಾರಿ ಒಂದೇ: ಯಂತ್ರಕ್ಕೆ ಹೊಂದುವಂತೆ ಹೃದಯವನ್ನೇ ನಿಧಾನಗೊಳಿಸುವುದು. ಆಕೆ ಬಡಿತವನ್ನು ತಗ್ಗಿಸುವ ಔಷಧ ಸೇವಿಸಿ, ಒಂದು ಮಹಡಿ ಮೆಟ್ಟಿಲು ಹತ್ತುವುದಕ್ಕೂ ಕಷ್ಟಪಡುತ್ತ ದಿನ ಕಳೆಯಬೇಕಾಯಿತು. (ಇಂತಹ ಯಂತ್ರವುಳ್ಳವರು ಬಸುರಿಗೆ ಮೊದಲೇ ಹೃದ್ರೋಗ ತಜ್ಞರ ಸಲಹೆ ಪಡೆಯುವುದು ಅಗತ್ಯವೆಂದು ಬೇರೆ ಹೇಳಬೇಕಾಗಿಲ್ಲ.)

ಮೂಲಸಂಕೇತ ತೆರೆದಿದ್ದ ಮಾತ್ರಕ್ಕೆ ಈ ದೋಷ ತಾನಾಗಿ ಮಾಯವಾಗುತ್ತಿತ್ತೆಂದಲ್ಲ. ಅದನ್ನು ಓದಿ, ಬಸುರಿಯ ಗತಿಯೇನೆಂದು ಕೇಳುವ ಒಬ್ಬಳಾದರೂ ಆ ಗುಂಪಿನಲ್ಲಿರಬೇಕಿತ್ತು. ವಸ್ತುವನ್ನು ತಯಾರಿಸುವಲ್ಲಿ ಯಾರು ಇರುವುದಿಲ್ಲವೋ ಅವರ ಅಗತ್ಯ ಆ ವಸ್ತುವಿನಲ್ಲಿಯೂ ಇರುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ಮಹಿಳೆಯರು ಪಾಲ್ಗೊಳ್ಳಬೇಕೆಂಬ ಮಾತಿನ ತಿರುಳು ಇದೇ. ಅಲ್ಲಿ ಸಿಗುವ ಉದ್ಯೋಗ, ಸಂಬಳಗಳು ಆಮೇಲಿನ ಮಾತು.

ಕರೆದಾಗ ಬಂದರು

ಸ್ಯಾಂಡ್ಲರ್ ಅವರು ಮುಕ್ತ ತಂತ್ರಾಂಶದ ಪ್ರಚಾರಕ್ಕೆ ತಮ್ಮನ್ನು ತೊಡಗಿಸಿಕೊಂಡು, 2011ರಲ್ಲಿ ಗ್ನೋಮ್ ಪ್ರತಿಷ್ಠಾನದ ಕಾರ್ಯನಿರ್ವಾಹಕ ನಿರ್ದೇಶಕಿಯಾದರು. ಲಿನಕ್ಸ್ ಗಣಕದ ಪರದೆಯನ್ನು ರೂಪಿಸುವ ಈ ಗ್ನೋಮ್ ಬಳಗದಲ್ಲಿ ಅದಕ್ಕೂ ಮೊದಲೇ ಒಂದು ಪ್ರಯೋಗ ನಡೆದಿತ್ತು. 2006ರಲ್ಲಿ ವಿದ್ಯಾರ್ಥಿಗಳ ಬೇಸಿಗೆ ತರಬೇತಿಗೆ ಗ್ನೋಮ್‌ಗೆ 181 ಅರ್ಜಿಗಳು ಬಂದವು. ಅವುಗಳಲ್ಲಿ ಮಹಿಳೆಯರದು ಒಂದೂ ಇರಲಿಲ್ಲ. ಹನ್ನಾ ವಾಲಕ್, ಕ್ರಿಸ್ ಬಾಲ್ ಎಂಬಿಬ್ಬರು ಇದನ್ನು ಗಮನಿಸಿ, ಅದೇ ವರ್ಷ ಮಹಿಳೆಯರಿಗಾಗಿಯೇ ಮತ್ತೊಂದು ತರಬೇತಿಯನ್ನು ಪ್ರಕಟಿಸಿದರು. ಶಿಷ್ಯವೇತನವುಂಟು, ಮಾರ್ಗದರ್ಶಕರುಂಟು, ನೀವು ಬರಬೇಕು ಎಂದು ಸ್ಪಷ್ಟವಾಗಿ ಕರೆದರು. ಬಂದ ಅರ್ಜಿಗಳು 100. ಆಯ್ಕೆಯಾದವರು 6 ಮಂದಿ. ಕೆಲಸ ಅದೇ, ಬಳಗ ಅದೇ, ವರ್ಷವೂ ಅದೇ. ಬದಲಾದದ್ದು ಕರೆಯುವ ರೀತಿಯೊಂದೇ.

ಮದುವೆ ಮುಂಜಿಗಳಿಗೆ ಊರವರೆಲ್ಲ ಬರಬಹುದೆಂದು ಹೇಳಿದರೆ ಎಷ್ಟು ಜನ ಬಂದಾರು? ಮನೆಗೆ ಬಂದು ಕುಂಕುಮ ಕೊಟ್ಟು ಕರೆದರೆ ಆ ಮಾತೇ ಬೇರೆ. ಈ ಲೋಕಾನುಭವವು ತಂತ್ರಜ್ಞರಿಗೆ ಅಂಕಿಗಳ ಮೂಲಕ ಮನದಟ್ಟಾಗಬೇಕಾಯಿತು. ನಿಂತುಹೋಗಿದ್ದ ಈ ಕಾರ್ಯಕ್ರಮ 2010ರಲ್ಲಿ ಮತ್ತೆ ಆರಂಭವಾಗಿ, ಇತರ ಬಳಗಗಳಿಗೂ ಹಬ್ಬಿ, 2015ರಿಂದ ಔಟ್‌ರೀಚಿ ಎಂಬ ಹೆಸರಿನಲ್ಲಿ ನಡೆಯತೊಡಗಿತು. ಮಹಿಳೆಯರಲ್ಲದೆ, ಈ ಕ್ಷೇತ್ರದಲ್ಲಿ ಅವಕಾಶ ಕಡಮೆಯಾದ ಇತರರಿಗೂ ಅದರಲ್ಲಿ ಸ್ಥಾನವಿದೆ. ಸುಮಾರು ಮೂರು ತಿಂಗಳ ಕೆಲಸವನ್ನು ಮನೆಯಿಂದಲೇ ಮಾಡಬಹುದು. 2023ರ ಸರದಿಗಳಲ್ಲಿ ಶಿಷ್ಯವೇತನ 7,000 ಡಾಲರ್ ಇತ್ತು. ಆ ವರ್ಷ ಅದರ ಶಿಕ್ಷಣಾರ್ಥಿಗಳ ಸಂಖ್ಯೆ ಸಾವಿರವನ್ನು ದಾಟಿತು. ಭಾರತದ ತರುಣಿಯರೂ ಅವರಲ್ಲಿದ್ದಾರೆ. ಆಯ್ಕೆಗೆ ಪದವಿ ಬೇಕಿಲ್ಲ. ಅರ್ಜಿಯ ಅವಧಿಯಲ್ಲಿ ಒಂದು ಸಣ್ಣ ಕೆಲಸವನ್ನು ನಿಜವಾಗಿ ಮಾಡಿ ತೋರಿಸಬೇಕು. ಅಭ್ಯರ್ಥಿಗಳಿಂದ ಅದು ಶುಲ್ಕ ಪಡೆಯುವುದಿಲ್ಲ. ಆದ್ದರಿಂದ ತರಬೇತಿಯ ಹೆಸರು ಹೇಳಿ ಮುಂಗಡ ಹಣ ಕೇಳುವವರು ಕಂಡುಬಂದರೆ ದೂರವಿರುವುದು ಕ್ಷೇಮ.

ಬಳಗಗಳ ನಡೆನುಡಿಯೂ ತಕ್ಕಮಟ್ಟಿಗೆ ತಿದ್ದಿಕೊಂಡಿದೆ. ಕಟುವಾದ ಮಾತಿಗೆ ಹೆಸರಾಗಿದ್ದ ಲಿನಸ್ ಟೋರ್ವಾಲ್ಡ್ಸ್ 2018ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅದೇ ಸಮಯದಲ್ಲಿ ಲಿನಕ್ಸ್ ಬಳಗವು ಹೊಸ ನಡವಳಿಕೆಯ ಸಂಹಿತೆಯನ್ನು ಅಂಗೀಕರಿಸಿತು. ಹೊಸಬರು ಯಾವ ಬಳಗವನ್ನು ಸೇರುವಾಗಲೂ ಅಂತಹ ಸಂಹಿತೆಯಿದೆಯೇ, ಪ್ರಶ್ನೆ ಕೇಳಿದವರಿಗೆ ಸೌಜನ್ಯದ ಉತ್ತರ ಸಿಗುತ್ತಿದೆಯೇ ಎಂದು ಮೊದಲು ನೋಡಿಕೊಳ್ಳುವುದು ಜಾಣತನ.

ವೇಳೆಯೆಂಬ ಬಂಡವಾಳ

ಕರೆಯೊಂದೇ ಸಾಕಾಗದು. ಮುಕ್ತ ತಂತ್ರಾಂಶದ ಕೆಲಸದ ಒಂದು ದೊಡ್ಡ ಭಾಗ ನಡೆಯುವುದು ಸಂಜೆಯ ನಂತರ, ರಜಾದಿನಗಳಲ್ಲಿ, ಬಿಡುವಿನ ವೇಳೆಯಲ್ಲಿ. ಹೀಗಿರಲು ಬಿಡುವು ಯಾರಿಗಿದೆ ಎಂಬ ಪ್ರಶ್ನೆ ಏಳುತ್ತದೆ. ಕೇಂದ್ರ ಸರ್ಕಾರದ ಅಂಕಿ ಅಂಶ ಕಚೇರಿಯು 2019ರಲ್ಲಿ ನಡೆಸಿದ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗಿದ ಭಾರತದ ಮಹಿಳೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಸಂಬಳವಿಲ್ಲದ ಆ ಕೆಲಸಕ್ಕೆ ವ್ಯಯಿಸುತ್ತಾಳೆ. ಪುರುಷ 97 ನಿಮಿಷ. ಈ ಎರಡರ ಅಂತರ 202 ನಿಮಿಷ, ಅಂದರೆ ಮೂರೂಕಾಲು ಗಂಟೆಗಿಂತ ಹೆಚ್ಚು. ಜಮಾ ಖರ್ಚಿನ ಯಾವ ಪುಸ್ತಕದಲ್ಲಿಯೂ ಬಾರದ ಈ ಬಾಕಿಯೇ ವಿದ್ಯಾವಂತ ಗೃಹಿಣಿಯ ಸಂಜೆಯನ್ನು ಕಬಳಿಸುತ್ತದೆ.

ಊರು ಬಿಟ್ಟು ಬಂದ ಕುಟುಂಬಗಳಲ್ಲಿ ಈ ಹೊರೆ ಇನ್ನಷ್ಟು ಭಾರ. ಧಾರವಾಡದಲ್ಲೋ ಮೈಸೂರಿನಲ್ಲೋ ಆಗಿದ್ದರೆ ಮಗುವನ್ನು ಒಂದು ಗಳಿಗೆ ಎತ್ತಿಕೊಳ್ಳುವುದಕ್ಕೆ ಅತ್ತೆ, ಅಜ್ಜಿ, ಚಿಕ್ಕಮ್ಮ ಯಾರಾದರೂ ಇರುತ್ತಿದ್ದರು. ಕೋಥರೂಡಿನ ಅಥವಾ ಹಡಪಸರದ ಎರಡು ಕೋಣೆಗಳ ಮನೆಯಲ್ಲಿ ಅಂತಹ ಕೈಗಳಿಲ್ಲ. ಗಣಕ ವಿಜ್ಞಾನದಲ್ಲಿ ಪದವಿ ಪಡೆದು, ಹೆರಿಗೆಯ ನಂತರ ಕೆಲಸ ಬಿಟ್ಟು, ಐದಾರು ವರ್ಷ ಕಳೆದ ಮೇಲೆ ಮತ್ತೆ ಉದ್ಯೋಗ ಬಯಸುವ ಸೊಸೆಗೆ, ನಡುವಿನ ವರ್ಷಗಳಲ್ಲಿ ಏನು ಮಾಡಿದಿರಿ ಎಂಬ ಪ್ರಶ್ನೆ ಎದುರಾಗುತ್ತದೆ. ಮುಕ್ತ ತಂತ್ರಾಂಶಕ್ಕೆ ಸಲ್ಲಿಸಿದ ಪ್ರತಿಯೊಂದು ತಿದ್ದುಪಡಿಯೂ ಸಲ್ಲಿಸಿದವರ ಹೆಸರು, ದಿನಾಂಕಗಳೊಡನೆ ಎಲ್ಲರಿಗೂ ಕಾಣುವಂತೆ ದಾಖಲಾಗಿರುತ್ತದೆ. ಅದು ಆಕೆಯ ಖಾತೆಯಲ್ಲಿ ಜಮೆಯಾದ ಮೊತ್ತದಂತೆ, ಯಾರೂ ಅಳಿಸಲಾರರು. ದಿನಕ್ಕೆ ಒಂದು ಗಂಟೆಯ ಬಿಡುವನ್ನು ಮನೆಯವರು ಆಕೆಗೆ ಒದಗಿಸಿಕೊಟ್ಟರೆ, ಆ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ.

ಯಾರು ಏನು ಮಾಡಬಹುದು?

ತಂತ್ರಾಂಶವೆಂದೊಡನೆ ಸಂಕೇತ ಬರೆಯುವುದೊಂದೇ ಕೆಲಸವೆಂದು ಭಾವಿಸಬೇಕಾಗಿಲ್ಲ. ಬಳಕೆಯ ಕೈಪಿಡಿ ಬರೆಯಬೇಕು, ದೋಷಗಳನ್ನು ಹುಡುಕಿ ವರದಿ ಮಾಡಬೇಕು, ಪರದೆಯ ಪದಗಳನ್ನು ಅನುವಾದಿಸಬೇಕು, ಹೊಸಬರ ಸಂದೇಹಗಳನ್ನು ಪರಿಹರಿಸಬೇಕು. ವಾಣಿಜ್ಯ ಪದವೀಧರೆಯು ಗ್ನೂಕ್ಯಾಶ್ ಎಂಬ ಲೆಕ್ಕಪತ್ರದ ತಂತ್ರಾಂಶವನ್ನು ಪರೀಕ್ಷಿಸಬಲ್ಲಳು. ದಾದಿಯೋ ವೈದ್ಯೆಯೋ ಆದವರು, ಆಸ್ಪತ್ರೆಗಳ ರೋಗಿದಾಖಲೆಗಾಗಿ ಭಾರತದಲ್ಲಿ ರೂಪುಗೊಂಡ ಬಾಹ್ಮ್ನಿ ಎಂಬ ಮುಕ್ತ ತಂತ್ರಾಂಶವು ವಾರ್ಡಿನ ನಿಜವಾದ ಕೆಲಸಕ್ಕೆ ಹೊಂದುತ್ತದೆಯೇ ಎಂದು ಹೇಳಬಲ್ಲರು. ಅಂಧರಿಗಾಗಿ ಪರದೆಯನ್ನು ಓದಿ ಹೇಳುವ ಓರ್ಕಾ ಎಂಬ ಮುಕ್ತ ತಂತ್ರಾಂಶದ ಹೊಣೆಯನ್ನು ಅನೇಕ ವರ್ಷಗಳಿಂದ ಹೊತ್ತವರು ಜೋನ್‌ಮರಿ ಡಿಗ್ಸ್ ಎಂಬ ಮಹಿಳೆ. ಅಂಧರ ಸಂಸ್ಥೆಯೊಂದರಲ್ಲಿ ಸಹಾಯಕ ಸಾಧನಗಳ ಬಳಕೆಯನ್ನು ಕಲಿಸುತ್ತಿದ್ದ ಅನುಭವವೇ ಅವರನ್ನು ಈ ಕೆಲಸಕ್ಕೆ ಎಳೆತಂದಿತು.

ಕನ್ನಡದ ಅಗತ್ಯವಂತೂ ಹೇಳತೀರದು. ಮನೆಯಲ್ಲಿ ಆಡುವ ಕನ್ನಡವನ್ನು ಬಲ್ಲವರು ಪರದೆಯ ಪದಗಳನ್ನು ಆರಿಸದಿದ್ದರೆ, ಅಜ್ಜಿಗೆ ಅರ್ಥವಾಗದ ಕನ್ನಡ ಯಂತ್ರದ ಬಾಯಲ್ಲಿ ನೆಲೆಯಾಗುತ್ತದೆ. ಔಷಧಿ ನುಂಗುವ ವೇಳೆಯನ್ನು ನೆನಪಿಸುವ ಫೋನು ಹಿರಿಯರಿಗೆ ತಿಳಿಯುವ ಮಾತಿನಲ್ಲಿ ನುಡಿಯಬೇಕಾದರೆ ಆ ಮಾತನ್ನು ಬಲ್ಲವರು ಅಲ್ಲಿಗೆ ಹೋಗಿ ಕೂರಬೇಕು. ಮರಾಠಿ, ಹಿಂದಿ, ಇಂಗ್ಲಿಷುಗಳೊಡನೆ ನಿತ್ಯವೂ ವ್ಯವಹರಿಸುತ್ತ ಕನ್ನಡವನ್ನು ಉಳಿಸಿಕೊಂಡಿರುವ ಪುಣೆಯ ಕನ್ನಡತಿಗೆ ಪದಗಳನ್ನು ತೂಗಿ ನೋಡುವ ಅಭ್ಯಾಸ ಸಹಜವಾಗಿಯೇ ಬಂದಿರುತ್ತದೆ.

ಕನ್ನಡ ಸಂಘಗಳು ಈ ದಿಸೆಯಲ್ಲಿ ಮಾಡಬಹುದಾದ ಕೆಲಸಕ್ಕೆ ಹೆಚ್ಚಿನ ವೆಚ್ಚವೇನೂ ತಗಲುವುದಿಲ್ಲ. ತಿಂಗಳಿಗೊಂದು ಭಾನುವಾರ, ಸಂಘದ ಒಂದು ಕೊಠಡಿ, ನಾಲ್ಕಾರು ಗಣಕಗಳು, ಈ ಕ್ಷೇತ್ರದಲ್ಲಿ ಅನುಭವವಿರುವ ಒಬ್ಬಿಬ್ಬರು ಮಾರ್ಗದರ್ಶಕರು ಇದ್ದರೆ ಸಾಕು. ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಮಾತ್ರ ಅವಶ್ಯವಾಗಿ ಇರಬೇಕು. ಅದಿಲ್ಲದೆ ಉಳಿದುದೆಲ್ಲ ವ್ಯರ್ಥ. ಆ ಹೊಣೆಯನ್ನು ಸಂಘದ ಪುರುಷ ಸದಸ್ಯರು ವಹಿಸಿಕೊಂಡರೆ ಇನ್ನೂ ಶೋಭೆ. ರಾಜ್ಯೋತ್ಸವದ ವೇದಿಕೆಯ ಮೇಲೆ ಸಂಗೀತ, ನಾಟಕಗಳ ಜೊತೆಗೆ, ಆ ವರ್ಷ ಮುಕ್ತ ತಂತ್ರಾಂಶಕ್ಕೆ ಮೊದಲ ಕಾಣಿಕೆ ಸಲ್ಲಿಸಿದ ಹೆಣ್ಣುಮಗಳಿಗೂ ಒಂದು ಹಾರ ಬಿದ್ದರೆ ಮುಂದಿನ ವರ್ಷ ಮತ್ತೆ ನಾಲ್ವರು ಮುಂದೆ ಬಂದಾರು.

ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ಪ್ರತಿ ಮನೆಯವರೂ ತಮ್ಮ ಮಗಳನ್ನೋ ಸೊಸೆಯನ್ನೋ ಸೋದರಿಯನ್ನೋ ಈ ಕೆಲಸಕ್ಕೆ ಹೆಸರು ಹಿಡಿದು ಕರೆಯಲಿ. ಕರೆದವರು ಅಂದಿನ ಸಂಜೆ ಪಾತ್ರೆಗಳನ್ನು ತಾವೇ ತೊಳೆದಿಡಲಿ.